ಬಿತ್ತನೆ ಕೋಠಿಯಿಂದ ಬಯಾಲಜಿ ಲ್ಯಾಬಿಗೆ

ಸಿಬಿಜೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ತೆಗೆದುಕೊಂಡು ಬಿಎಸ್ಸಿ, ಆಮೇಲೆ ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವರಿಗೆ ಪಾಠ ಹೇಳುವ ಕೆಲಸ ಕೂಡಲೇ ಸಿಗುವುದು ಅಪರೂಪ. ಬಿಎಡ್ ಆಗಬೇಕು, ನೇಮಕಾತಿ ಕರೆಯಬೇಕು, ಅಷ್ಟರಲ್ಲಿ ಜೀವನವೂ ನಡೆಯಬೇಕು. ರಾಮನಗರ, ಕನಕಪುರ, ಮಳವಳ್ಳಿ ಕಡೆಯವರಿಗೆ ಆಗ ಮೊದಲು ಕಾಣುವುದು ರೇಷ್ಮೆ ಬಿತ್ತನೆ ಕೋಠಿ, ಅಂದರೆ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಜಾಗ. ಬೆಂಗಳೂರಿಗೆ ಹೋದವರಿಗೆ, ಬಾಳೆಯ ಸಣ್ಣ ತುಣುಕಿನಿಂದ ಬಾಟಲಿಯಲ್ಲಿ ಸಸಿ ಬೆಳೆಸುವ ಅಂಗಾಂಶ ಕೃಷಿಯ ಲ್ಯಾಬು. ನಾನು ಎರಡರಲ್ಲೂ ಕೆಲಸ ಮಾಡಿ, ನಂತರ ಬಿಎಡ್, ಪ್ರೌಢಶಾಲೆ, ಪಿಯು ಕಾಲೇಜು ಎಂದು ಬಂದವನು. ಕೋಠಿಯಲ್ಲಿ ದುಡಿದ ವರ್ಷಗಳನ್ನು ಬೋಧನಾ ಸೇವೆ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಪ್ರಾಕ್ಟಿಕಲ್ ತರಗತಿಯಲ್ಲಿ ನಿಂತಾಗ ನೆರವಿಗೆ ಬರುವುದು ಅಲ್ಲಿ ಕೈ ಕಲಿತದ್ದೇ. ಯಾವ ಕೆಲಸದಿಂದ ಯಾವ ವಿದ್ಯೆ ಬಂತು, ಲ್ಯಾಬಿನಲ್ಲಿ ಅದು ಎಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಕೋಠಿಯ ಕೆಲಸ ಬಿತ್ತನೆ ಗೂಡಿನಿಂದ ಶುರು. ಗೂಡಿನ ಒಂದು ತುದಿಯನ್ನು ಬ್ಲೇಡಿನಿಂದ ಕತ್ತರಿಸಿ, ಪ್ಯೂಪಾವನ್ನು, ಅಂದರೆ ಚಿಟ್ಟೆಯಾಗುವ ಮುಂಚಿನ ಹುಳುವನ್ನು, ಹೊರಗೆ ಉರುಳಿಸಿ, ಹೆಣ್ಣು ಗಂಡು ಬೇರ್ಪಡಿಸಬೇಕು. ಹೊಟ್ಟೆಯ ಭಾಗ ಮೇಲೆ ಬರುವಂತೆ ಹಿಡಿದು ಬಾಲದ ತುದಿ ನೋಡಿದರೆ, ಹೆಣ್ಣಿನಲ್ಲಿ 8ನೇ ಖಂಡದ ನಡುವೆ ಉದ್ದಕ್ಕೆ ಒಂದು ಸಣ್ಣ ಗೆರೆ ಇರುತ್ತದೆ. ಅಕ್ಕಪಕ್ಕದ ಅಂಚುಗಳೂ ಸೇರಿ ಆ ಗುರುತು ಗುಣಾಕಾರದ ಚಿಹ್ನೆಯ ಹಾಗೆ ಕಾಣುತ್ತದೆ. ಗಂಡಿನಲ್ಲಿ 9ನೇ ಖಂಡದಲ್ಲಿ ಒಂದು ಚುಕ್ಕೆ ಮಾತ್ರ. ಹೆಣ್ಣು ದಪ್ಪ, ಗಂಡು ಸಣ್ಣ ಎಂದು ಬರೀ ಗಾತ್ರ ನೋಡಿ ಬಿಡಿಸಿದರೆ ಎಡವುತ್ತೇವೆ. ಚೆನ್ನಾಗಿ ಮೇಯ್ದ ಗಂಡು, ಅರೆಹೊಟ್ಟೆಯಲ್ಲಿ ಗೂಡು ಕಟ್ಟಿದ ಹೆಣ್ಣಿನಷ್ಟೇ ತೂಗಬಹುದು. ನಮ್ಮಲ್ಲಿ ಹೆಚ್ಚಾಗಿ ನಡೆಯುವ ಮಿಶ್ರತಳಿಗೆ ಮೈಸೂರು ತಳಿಯ ಹೆಣ್ಣು, ಸಿಎಸ್‌ಆರ್-2 ಎಂಬ ದ್ವಿತಳಿಯ (ವರ್ಷಕ್ಕೆ ಎರಡು ಪೀಳಿಗೆಯ) ಗಂಡು ಬೇಕು. ಮೈಸೂರು ತಳಿಯದೇ ಗಂಡು ಹೆಣ್ಣುಗಳ ತಟ್ಟೆಯಲ್ಲಿ ಉಳಿದುಬಿಟ್ಟರೆ ಚಿಟ್ಟೆಯಾಗಿ ಹೊರಬಂದ ಕೂಡಲೇ ಅಲ್ಲೇ ಜೋಡಿಯಾಗುತ್ತದೆ, ಆ ಹೆಣ್ಣಿನ ಮೊಟ್ಟೆ ಮಿಶ್ರತಳಿಯ ಲೆಕ್ಕಕ್ಕೆ ಬರುವುದಿಲ್ಲ.

ಚಿಟ್ಟೆಗಳು ಹೊರಬರುವುದು ಬೆಳಗಿನ ಜಾವ. ರಾತ್ರಿಯೆಲ್ಲ ಕತ್ತಲಲ್ಲಿಟ್ಟು ಬೆಳಗಾಗುವ ಮುಂಚೆ ದೀಪ ಹಾಕಿದರೆ ಬಹುಪಾಲು ಒಟ್ಟಿಗೆ ಹೊರಡುತ್ತವೆ. 3ರಿಂದ 3.5 ಗಂಟೆ ಜೋಡಿಯಾಗಿರಲು ಬಿಟ್ಟು, ಮೆಲ್ಲನೆ ಬಿಡಿಸಿ, ಹೆಣ್ಣನ್ನು ಮೊಟ್ಟೆ ಹಾಳೆಯ ಮೇಲೆ ಕತ್ತಲಲ್ಲಿ, 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಡುತ್ತಾರೆ. ಒಂದು ದಿನದಲ್ಲಿ ಸುಮಾರು 400ರಿಂದ 500 ಮೊಟ್ಟೆ ಇಡುತ್ತದೆ.

ಆಮೇಲೆ ಬರುವುದು ತಾಯಿ ಚಿಟ್ಟೆ ಪರೀಕ್ಷೆ. ಇಡೀ ಕೋಠಿ ನಿಂತಿರುವುದೇ ಇದರ ಮೇಲೆ. ಗಂಟುರೋಗ ತರುವ ನೊಸೀಮಾ ಬಾಂಬಿಸಿಸ್ ಎಂಬ ಸೂಕ್ಷ್ಮಜೀವಿ ತಾಯಿಯ ಅಂಡಾಶಯದಿಂದಲೇ ಮೊಟ್ಟೆಯೊಳಕ್ಕೆ ಹೋಗುತ್ತದೆ. ಮೊಟ್ಟೆಯನ್ನು ಹೊರಗಿನಿಂದ ಎಷ್ಟು ತೊಳೆದರೂ ಅದು ಹೋಗದು. ತಾಯಿಯನ್ನೇ ಪರೀಕ್ಷಿಸಿ, ರೋಗವಿದ್ದರೆ ಅದರ ಮೊಟ್ಟೆಗಳನ್ನು ಸುಡುವುದೊಂದೇ ದಾರಿ. 1865ರಲ್ಲಿ ದಕ್ಷಿಣ ಫ್ರಾನ್ಸಿಗೆ ರೇಷ್ಮೆ ಹುಳುವಿನ ರೋಗ ನೋಡಲು ಹೋದ ಲೂಯಿ ಪಾಶ್ಚರ್ ಮುಂದಿನ ವರ್ಷಗಳಲ್ಲಿ ರೂಢಿಗೆ ತಂದ ವಿಧಾನವಿದು, ಇವತ್ತಿಗೂ ನಮ್ಮ ಕೋಠಿಗಳಲ್ಲಿ ಮೂಲತಃ ಇದೇ ನಡೆಯುತ್ತಿದೆ. ಚಿಟ್ಟೆಯ ಹೊಟ್ಟೆಯ ಭಾಗವನ್ನು ಶೇ 0.6ರ ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅರೆದು, ಸೋಸಿ, ಸೆಂಟ್ರಿಫ್ಯೂಜಿನಲ್ಲಿ ನಿಮಿಷಕ್ಕೆ 3000 ಸುತ್ತಿನಂತೆ 3 ನಿಮಿಷ ತಿರುಗಿಸುತ್ತಾರೆ. ಮೇಲಿನ ನೀರು ಚೆಲ್ಲಿ, ತಳದ ಗಷ್ಟಿಗೆ ಒಂದೆರಡು ಹನಿ ಅದೇ ದ್ರಾವಣ ಸೇರಿಸಿ, ಸ್ಲೈಡಿಗೆ ಹಾಕಿ 600 ಪಟ್ಟು ಹಿಗ್ಗಿಸಿ ನೋಡಬೇಕು. ನೊಸೀಮಾದ ಬೀಜಕ 3ರಿಂದ 4 ಮೈಕ್ರಾನ್ ಉದ್ದ, ಮೊಟ್ಟೆಯಾಕಾರ, ಹೊಳೆಯುವ ಮೈ, ನಿಂತಲ್ಲೇ ಸಣ್ಣಗೆ ನಡುಗುತ್ತಿರುತ್ತದೆ. ಹೊಸಬರಿಗೆ ಗೊಂದಲ ಹುಟ್ಟಿಸುವುದು ಕೊಬ್ಬಿನ ಹನಿ. ಅದೂ ಹೊಳೆಯುತ್ತದೆ, ಆದರೆ ಪೂರ್ತಿ ಗುಂಡಗಿರುತ್ತದೆ ಮತ್ತು ಒಂದೊಂದು ಒಂದೊಂದು ಗಾತ್ರ. ಬೀಜಕಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ. ಈ ವ್ಯತ್ಯಾಸ ಕಣ್ಣಿಗೆ ಹತ್ತಿದರೆ ಅರ್ಧ ಕೆಲಸ ಕಲಿತಂತೆ.

ಇದರಿಂದ ಕಾಲೇಜಿಗೆ ಬಂದ ದೊಡ್ಡ ವಿದ್ಯೆ ಸೂಕ್ಷ್ಮದರ್ಶಕದ ಬೆಳಕನ್ನು ಆಳುವುದು. ಬಣ್ಣ ಹಾಕದ ಬೀಜಕ ಪಾರದರ್ಶಕ; ಬೆಳಕಿನ ಕಿಂಡಿಯಾದ ಡಯಾಫ್ರಾಮ್ ಪೂರ್ತಿ ತೆರೆದಿಟ್ಟರೆ ಕಣ್ಣೆದುರೇ ಇದ್ದರೂ ಕಾಣದು. ಬೆಳಕು ಕೂಡಿಸುವ ಮಸೂರವಾದ ಕಂಡೆನ್ಸರ್ ತುಸು ಇಳಿಸಿ, ಡಯಾಫ್ರಾಮ್ ಅರ್ಧಕ್ಕಿಂತ ಕಡಿಮೆ ಮಾಡಿದರೆ ಅಂಚು ಎದ್ದು ಬರುತ್ತದೆ. ಪ್ಯಾರಮೀಸಿಯಂ, ಕೆನ್ನೆಯ ಒಳಪೊರೆಯ ಕೋಶ, ಕೊಳದ ನೀರಿನ ಪಾಚಿ, ಎಲ್ಲಕ್ಕೂ ಇದೇ ಉಪಾಯ. ಎಷ್ಟೋ ಲ್ಯಾಬುಗಳಲ್ಲಿ ಮಕ್ಕಳು "ಏನೂ ಕಾಣ್ತಿಲ್ಲ ಸಾರ್" ಎನ್ನುವುದು ಸ್ಲೈಡ್ ಖಾಲಿಯಿದ್ದುದರಿಂದಲ್ಲ, ಬೆಳಕು ಹೆಚ್ಚಾದದ್ದರಿಂದ. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಸಾಮಾನ್ಯವಾಗಿ 10ರ ನೇತ್ರ ಮಸೂರ, 40ರ ವಸ್ತು ಮಸೂರ ಇರುತ್ತವೆ, ಅಂದರೆ 400 ಪಟ್ಟು. 15ರ ನೇತ್ರ ಮಸೂರ ಒಂದು ಕೊಂಡರೆ ಕೋಠಿಯ 600 ಪಟ್ಟು ಸಿಕ್ಕಿತು.

ರೇಷ್ಮೆ ಹುಳುವನ್ನು ತರಗತಿಯಲ್ಲೇ ಸಾಕಿ ಜೀವನಚಕ್ರ ತೋರಿಸುವುದು ಕಷ್ಟವಲ್ಲ. ಒಂದು ತಾಯಿಯ ಮೊಟ್ಟೆಯಲ್ಲಿ ಕಾಲು ಭಾಗ ಸಾಕು, ಅದಕ್ಕಿಂತ ಹೆಚ್ಚಾದರೆ ಕೊನೇ ಜ್ವರ (ಹುಳು ಪೊರೆ ಕಳಚುವ ಹೊತ್ತು) ಕಳೆದ ಮೇಲೆ ಸೊಪ್ಪು ಒದಗಿಸಲಾಗದೆ ಒದ್ದಾಡಬೇಕಾಗುತ್ತದೆ. ಇಡೀ ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚನ್ನು ಹುಳು ತಿನ್ನುವುದು ಐದನೇ ಹಂತದಲ್ಲೇ. ಮೊಟ್ಟೆಯೊಳಗೆ ಮರಿಯ ತಲೆ ಕಪ್ಪು ಚುಕ್ಕೆಯಾಗಿ ಕಂಡಾಗ ಹಾಳೆಯನ್ನು ಕಪ್ಪು ಕಾಗದದಲ್ಲಿ ಸುತ್ತಿ ಎರಡು ದಿನ ಇಟ್ಟು, ಬೆಳಿಗ್ಗೆ ಬೆಳಕಿಗೆ ಬಿಚ್ಚಿದರೆ ಒಂದೇ ಹೊತ್ತಿಗೆ ಚಾಕಿ ಹುಳು, ಅಂದರೆ ಎಳೆಯ ಮರಿಗಳು, ಏಳುತ್ತವೆ. ಹುಳು ಸಾಕುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಸೊಳ್ಳೆ ದ್ರವ, ಇರುವೆ ಪುಡಿ ಏನೂ ಕೂಡದು. ಅವುಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಅತಿ ಸಣ್ಣ ಪ್ರಮಾಣದಲ್ಲೂ ರೇಷ್ಮೆ ಹುಳುವನ್ನು ಕೊಲ್ಲುತ್ತದೆ. ಕಾವಲುಗಾರ ರಾತ್ರಿ ಪಕ್ಕದ ಕೋಣೆಯಲ್ಲಿ ಬತ್ತಿ ಹಚ್ಚಿದರೂ ಅಪಾಯವೇ, ಮುಂಚೆಯೇ ಹೇಳಿಟ್ಟಿರಬೇಕು. ಇರುವೆಗೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದರಾಯಿತು. ಹೊಗೆಸೊಪ್ಪಿನ ಹೊಲದ ಪಕ್ಕದ ಹಿಪ್ಪುನೇರಳೆ ಸೊಪ್ಪನ್ನೂ ತರಬಾರದು.

ಅಂಗಾಂಶ ಕೃಷಿಯ ಲ್ಯಾಬು ಬೇರೆಯೇ ಲೋಕ. ಅಲ್ಲಿ ದಿನವಿಡೀ ನಡೆಯುವುದು ಮಾಲಿನ್ಯದ ವಿರುದ್ಧದ ಕೆಲಸ. ಬಾಳೆಯ ಕತ್ತಿಯಾಕಾರದ ಎಲೆಯ ಕಂದಿನಿಂದ ಬೆಳವಣಿಗೆಯ ತುದಿಯನ್ನು ಬಿಡಿಸಿ, ಮೇಲ್ಮೈ ಶುದ್ಧಿ ಮಾಡಿ, ಎಂಎಸ್ ಮಾಧ್ಯಮದ ಬಾಟಲಿಗೆ ಕೂರಿಸುತ್ತಾರೆ. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಪ್ರಕಟಿಸಿದ ಲವಣಗಳ ಮಿಶ್ರಣ ಅದು. ಲೀಟರಿಗೆ 30 ಗ್ರಾಂ ಸಕ್ಕರೆ, ಹೆಪ್ಪುಗಟ್ಟಿಸಲು 8 ಗ್ರಾಂ ಅಗಾರ್, ಪಿಎಚ್ (ಆಮ್ಲೀಯತೆಯ ಅಳತೆ) 5.8. ಪಿಎಚ್ ಸರಿಪಡಿಸುವುದು ಅಗಾರ್ ಹಾಕುವ ಮುಂಚೆಯೇ. ತೀರಾ ಕೆಳಗಿಳಿದರೆ ಮಾಧ್ಯಮ ಹೆಪ್ಪುಗಟ್ಟದೆ ನೀರಾಗಿ ಉಳಿಯುತ್ತದೆ, ಏರಿದರೆ ಗಟ್ಟಿಯಾಗಿ ಗಿಡ ಪೋಷಕ ಹೀರಲಾರದು. ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವಿನಲ್ಲಿ 121 ಡಿಗ್ರಿ, ಚದರ ಇಂಚಿಗೆ 15 ಪೌಂಡು ಒತ್ತಡ, 15ರಿಂದ 20 ನಿಮಿಷ.

ಬಾಟಲಿ ಕೆಟ್ಟಾಗ ಕಾರಣ ಹುಡುಕುವ ಕ್ರಮ ನನಗೆ ಈಗಲೂ ಬಹಳ ಪ್ರಿಯವಾದದ್ದು. ಎರಡು ಮೂರು ದಿನದಲ್ಲೇ ಗಿಡದ ಬುಡದ ಸುತ್ತ ಹಾಲಿನಂಥ ಮಬ್ಬು ಕಂಡರೆ ಬ್ಯಾಕ್ಟೀರಿಯಾ. ನಾಲ್ಕೈದು ದಿನ ಕಳೆದು ಹತ್ತಿಯಂತೆ ಬೆಳೆದರೆ ಶಿಲೀಂಧ್ರ. ಇಷ್ಟು ಯಾರಾದರೂ ಹೇಳುತ್ತಾರೆ. ಮುಂದಿನದು ಬಾಟಲಿಗಳನ್ನು ಸಾಲಾಗಿಟ್ಟು ನೋಡುವುದು. ಒಂದೇ ದಿನ ಕುದಿಸಿದ ಎಲ್ಲ ಬಾಟಲಿ, ಗಿಡ ಹಾಕದ ಖಾಲಿ ಬಾಟಲಿ ಸಮೇತ ಕೆಟ್ಟಿದ್ದರೆ ದೋಷ ಆಟೋಕ್ಲೇವಿನದು. ಒಬ್ಬರು ಹಾಕಿದ ಬಾಟಲಿ ಮಾತ್ರ ಕೆಟ್ಟಿದ್ದರೆ ಅವರ ಕೈ, ಚಿಮ್ಮಟ ಅಥವಾ ಮಾತಾಡುತ್ತ ಕೆಲಸ ಮಾಡುವ ಅಭ್ಯಾಸ. ಯಾರು ಹಾಕಿದರೂ ಒಂದೇ ತಾಯಿಗಿಡದ ಸಂತತಿ ಕೆಡುತ್ತಿದ್ದರೆ ಬ್ಯಾಕ್ಟೀರಿಯಾ ಗಿಡದ ಒಳಗೇ ಇದೆ, ಆ ಸಾಲನ್ನೇ ಬಿಡಬೇಕು. ಪ್ರಯೋಗದಲ್ಲಿ ನಿಯಂತ್ರಣ ಏಕೆ ಬೇಕು ಎಂದು ಹುಡುಗರಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಶೇ 70ರ ಆಲ್ಕೊಹಾಲ್ ಏಕೆ, ಶುದ್ಧ ಆಲ್ಕೊಹಾಲ್ ಏಕಲ್ಲ ಎಂಬ ಪ್ರಶ್ನೆಗೂ ಉತ್ತರ ಅಲ್ಲೇ ಕೇಳಿದ್ದು: ಪ್ರೋಟೀನು ಕೆಡಲು ನೀರೂ ಬೇಕು, ಶುದ್ಧ ಆಲ್ಕೊಹಾಲ್ ಬೇಗ ಆರಿಹೋಗುತ್ತದೆ, ಸೂಕ್ಷ್ಮಜೀವಿಯ ಹೊರಭಾಗವನ್ನಷ್ಟೇ ಗಟ್ಟಿಯಾಗಿಸಿ ಒಳಗೆ ಇಳಿಯದು.

ಕಾಲೇಜಿನಲ್ಲಿ ಆಟೋಕ್ಲೇವ್ ಇಲ್ಲದಿದ್ದರೆ ಅಡುಗೆಮನೆಯ ಪ್ರೆಶರ್ ಕುಕ್ಕರ್ ಸಾಕು. 200 ಗ್ರಾಂ ಆಲೂಗಡ್ಡೆ ಬೇಯಿಸಿ ಸೋಸಿದ ನೀರು, 20 ಗ್ರಾಂ ಡೆಕ್ಸ್‌ಟ್ರೋಸ್, 15ರಿಂದ 20 ಗ್ರಾಂ ಅಗಾರ್, ಒಟ್ಟು ಒಂದು ಲೀಟರ್. ಶಿಲೀಂಧ್ರ ಬೆಳೆಸಲು ಇದೇ ಮಾಧ್ಯಮ. ಫ್ಲಾಸ್ಕನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಹತ್ತಿಯ ಬಿರಡೆ ಹಾಕಿ ಮೇಲೆ ಕಾಗದ ಕಟ್ಟಬೇಕು. ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ 20 ನಿಮಿಷ. ಇಳಿಸಿದ ಕೂಡಲೇ ವೈಟ್ ಎತ್ತಿದರೆ ಒಳಗಿನ ದ್ರವ ಉಕ್ಕಿ ಬಿರಡೆ ಒದ್ದೆಯಾಗುತ್ತದೆ, ಒದ್ದೆ ಬಿರಡೆಯ ಮೂಲಕ ಶಿಲೀಂಧ್ರ ಒಳಗೆ ಇಳಿಯುತ್ತದೆ. ತಾನಾಗಿ ಆರಲು ಬಿಡಿ. ಬೆಳೆ ಬಂದ ಪೆಟ್ರಿ ತಟ್ಟೆಗೆ ಟೇಪ್ ಸುತ್ತಿ ಮುಚ್ಚಿದಂತೆಯೇ ತೋರಿಸಬೇಕು, ಮತ್ತೆ ಕುಕ್ಕರಿನಲ್ಲಿ ಬೇಯಿಸಿದ ಮೇಲೆಯೇ ಎಸೆಯಬೇಕು. ಈ ಕುಕ್ಕರ್ ಮತ್ತೆ ಅಡುಗೆಗೆ ಹೋಗಕೂಡದು.

ಬಿಎಡ್ ಮತ್ತು ನೇಮಕಾತಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಿಎಡ್ ಈಗ 2 ವರ್ಷ. 6ರಿಂದ 8ನೇ ತರಗತಿಗೆ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯ ಎರಡನೇ ಪತ್ರಿಕೆ ಬೇಕು: 150 ಅಂಕ, ಸಾಮಾನ್ಯ ವರ್ಗಕ್ಕೆ 90 ಬಂದರೆ ಅರ್ಹತೆ. ಪಿಯು ಉಪನ್ಯಾಸಕರಿಗೆ ಎಂಎಸ್ಸಿಯಲ್ಲಿ ಶೇ 55 ಮತ್ತು ಬಿಎಡ್. ಡಿಗ್ರಿ ಕಾಲೇಜಿನ ಕಡೆ ಮನಸ್ಸಿದ್ದರೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ಕೆಸೆಟ್ ಅಥವಾ ನೆಟ್‌ನಲ್ಲಿ ಜೀವವಿಜ್ಞಾನ ಪತ್ರಿಕೆ ಬರೆಯಬೇಕು. ಪ್ರಾಣಿಶಾಸ್ತ್ರದವರು ಆ ಪತ್ರಿಕೆಗೆ ಸಸ್ಯ ಶರೀರಕ್ರಿಯೆ, ಅಣುಜೀವಶಾಸ್ತ್ರ ಎರಡನ್ನೂ ಹೊಸದಾಗಿ ಓದಿಕೊಳ್ಳುವುದು ಅನಿವಾರ್ಯ. ಪಿಯುನಲ್ಲಿ ಒಬ್ಬರೇ ಸಸ್ಯ, ಪ್ರಾಣಿ ಎರಡನ್ನೂ ಪಾಠ ಮಾಡುವುದರಿಂದ ಆ ಓದು ವ್ಯರ್ಥವಾಗದು.

ಪಿಯು ಪ್ರಾಕ್ಟಿಕಲ್‌ಗಳಲ್ಲಿ ಅತಿ ಹೆಚ್ಚು ಕೈಕೊಡುವುದು ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆ ತೋರಿಸುವುದು. ಬಾಯಿಪಾಠದ ಕ್ರಮ ಎಲ್ಲರಿಗೂ ಗೊತ್ತು, ಸ್ಲೈಡ್ ಮಾತ್ರ ಬರುವುದಿಲ್ಲ. ಮೊದಲ ತೊಂದರೆ ಈರುಳ್ಳಿಯದೇ. ಆಗತಾನೇ ಕಿತ್ತ ಹೊಸ ಈರುಳ್ಳಿ ಸುಪ್ತಾವಸ್ಥೆಯಲ್ಲಿರುತ್ತದೆ, ವಾರವಾದರೂ ಬೇರು ಬಿಡದು. ಕೆಲವು ತಿಂಗಳು ಇಟ್ಟ, ತಲೆಯಲ್ಲಿ ಹಸಿರು ಇಣುಕುವ ಗಡ್ಡೆ ಆರಿಸಿ. ಬುಡದ ಒಣಬೇರನ್ನು ಬ್ಲೇಡಿನಿಂದ ಹೆರೆದು, ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಬಾಯಿಗೆ ಕೂರಿಸಿ. ಗಡ್ಡೆ ಮುಳುಗಿದರೆ ಕೊಳೆಯುತ್ತದೆ. ದಿನಕ್ಕೊಮ್ಮೆ ನೀರು ಬದಲಿಸಿದರೆ 3ರಿಂದ 6 ದಿನದಲ್ಲಿ 2-3 ಸೆಂಟಿಮೀಟರ್ ಬೇರು ಬರುತ್ತದೆ.

ಬೆಳಿಗ್ಗೆ 8ರಿಂದ 10ರೊಳಗೆ ತುದಿಗಳನ್ನು ಕತ್ತರಿಸಿ, ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲ, ಮೂರು ಪಾಲು ಈಥೈಲ್ ಆಲ್ಕೊಹಾಲ್ ಸೇರಿಸಿದ ದ್ರವಕ್ಕೆ ಹಾಕಬೇಕು. ಈ ಮಿಶ್ರಣ ಅವತ್ತೇ ಮಾಡಿದ್ದಿರಲಿ. ಹಳೆಯದರಲ್ಲಿ ಆಮ್ಲವೂ ಆಲ್ಕೊಹಾಲೂ ಕೂಡಿ ಎಸ್ಟರ್ ಆಗಿರುತ್ತದೆ, ಕೋಶ ಸರಿಯಾಗಿ ಹಿಡಿದು ನಿಲ್ಲದು. 24 ಗಂಟೆಯ ಮೇಲೆ ಶೇ 70ರ ಆಲ್ಕೊಹಾಲಿಗೆ ಬದಲಿಸಿದರೆ ತಿಂಗಳುಗಟ್ಟಲೆ ಉಳಿಯುತ್ತದೆ. ತರಗತಿಯ ದಿನ ಒಂದು ಬೇರನ್ನು ನೀರಲ್ಲಿ ತೊಳೆದು ಸ್ಲೈಡಿನ ಮೇಲಿಟ್ಟು, ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ, ಎರಡು ಮೂರು ಹನಿ ಅಸಿಟೋಕಾರ್ಮೈನ್ ಎಂಬ ಕೆಂಪು ಬಣ್ಣ ಹಾಕಿ ಸ್ಪಿರಿಟ್ ದೀಪದ ಮೇಲೆ ಆಡಿಸುತ್ತ ಬಿಸಿ ಮಾಡಬೇಕು. ಸ್ಲೈಡಿನ ಅಡಿಯನ್ನು ಮುಂಗೈ ಹಿಂಭಾಗಕ್ಕೆ ತಾಗಿಸಿದರೆ ಬೆಚ್ಚಗೆ ತಡೆಯುವಷ್ಟು ಇರಬೇಕು. ಗುಳ್ಳೆ ಎದ್ದರೆ ಜಾಸ್ತಿಯಾಯಿತು. ಬಣ್ಣ ಆರಿದರೆ ಹರಳುಗಟ್ಟಿ ಕಪ್ಪು ಕಸವೇ ಕಾಣುತ್ತದೆ, ಆರುವ ಮುಂಚೆ ಇನ್ನೊಂದು ಹನಿ ಸೇರಿಸುತ್ತಿರಿ. ಐದು ಹತ್ತು ನಿಮಿಷ ಬಿಟ್ಟು ನೋಡಿದರೆ ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಕಡುಗೆಂಪಾಗಿರುತ್ತದೆ. ಆ ಭಾಗ ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಿ ಎಸೆಯಿರಿ. ಮಕ್ಕಳು ಬೇಕಾದದ್ದನ್ನು ಎಸೆದು ಬೇಡದ್ದನ್ನು ಉಳಿಸಿಕೊಳ್ಳುವುದು ಸರಿಯಾಗಿ ಇಲ್ಲೇ. ಸ್ಲೈಡಿನಲ್ಲಿ ಬರೀ ಉದ್ದುದ್ದ ಆಯತಾಕಾರದ ಕೋಶಗಳು ಕಂಡರೆ ತುದಿ ಹೋಗಿದೆ ಎಂದೇ ಅರ್ಥ. ತುಕ್ಕು ಹಿಡಿದ ಕಬ್ಬಿಣದ ಸೂಜಿಯಿಂದ ಬಣ್ಣದ ಹನಿಯನ್ನು ಒಂದೆರಡು ಸಲ ತಿರುವಿದರೆ ಕ್ರೋಮೋಸೋಮು ಇನ್ನೂ ಗಾಢವಾಗುತ್ತದೆ, ಕಬ್ಬಿಣದ ಅಂಶ ಬಣ್ಣವನ್ನು ಕಚ್ಚಿಸುತ್ತದೆ.

ಕವರ್ ಸ್ಲಿಪ್ ಹಾಕಿ, ಮಡಿಸಿದ ಬ್ಲಾಟಿಂಗ್ ಪೇಪರ್ ಇಟ್ಟು, ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಕೊನೆಗೆ ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ಪಕ್ಕಕ್ಕೆ ಸರಿದರೆ ಕೋಶಗಳು ಸುರುಳಿ ಸುತ್ತಿಕೊಳ್ಳುತ್ತವೆ. ಚೆನ್ನಾಗಿ ಬಂದ ಸ್ಲೈಡಿನಲ್ಲೂ ಹೆಚ್ಚಿನ ಕೋಶಗಳು ವಿಭಜನೆಯಾಗದ ಸ್ಥಿತಿಯಲ್ಲೇ ಇರುತ್ತವೆ, ವಿಭಜನೆಯ ಮೊದಲ ಹಂತವಾದ ಪ್ರೊಫೇಸ್ ಅಲ್ಲಲ್ಲಿ, ನಂತರದ ಹಂತಗಳಾದ ಮೆಟಾಫೇಸ್ ಮತ್ತು ಅನಾಫೇಸ್ ಹುಡುಕಿದರೆ ಕೆಲವು. ಇದನ್ನು ಮೊದಲೇ ಹೇಳಿಬಿಟ್ಟರೆ ಮಕ್ಕಳು ಪುಸ್ತಕದ ಚಿತ್ರ ನೋಡಿ ಬಿಡಿಸುವ ಬದಲು ಸ್ಲೈಡ್ ಸರಿಸಿ ಹುಡುಕುತ್ತಾರೆ. ಈರುಳ್ಳಿಯ ಕ್ರೋಮೋಸೋಮುಗಳು 16, ದೊಡ್ಡವು; ಒಳ್ಳೆಯ ಮೆಟಾಫೇಸ್ ಸಿಕ್ಕರೆ ಎಣಿಸಲೂಬಹುದು.

ತರಗತಿಯ ಹೊರಗಿನ ಆಸಕ್ತಿಗಳೂ ಪಾಠಕ್ಕೆ ಬಂದು ಸೇರುತ್ತವೆ. ಚಿಟ್ಟೆ ಸಾಕುವುದು ಅಂಥದ್ದೊಂದು. ಇದಕ್ಕೆ ಹೂದೋಟಕ್ಕಿಂತ ಮರಿ ತಿನ್ನುವ ಗಿಡ ಮುಖ್ಯ. ಕರಿಬೇವು, ನಿಂಬೆ ಇದ್ದರೆ ಲೈಮ್ ಚಿಟ್ಟೆ, ಕಾಮನ್ ಮಾರ್ಮನ್. ಎಕ್ಕಕ್ಕೆ ಪ್ಲೇನ್ ಟೈಗರ್. ಕಣಗಿಲೆಗೆ ಕಾಮನ್ ಕ್ರೋ. ಕಂಪೌಂಡಿನ ಕಂಬದಂಥ ಅಶೋಕಕ್ಕೆ ಟೇಲ್ಡ್ ಜೇ. ಮಾವಿನ ಮರದ ಬದನಿಕೆಗೆ ಜೆಜೆಬೆಲ್. ಹರಳು ಗಿಡಕ್ಕೆ ಕಾಮನ್ ಕ್ಯಾಸ್ಟರ್. ಕುಂಡದ ಕರಿಬೇವಿನಲ್ಲಿ ಚಿಗುರಿನ ಮೇಲೆ ಗುಂಡುಸೂಜಿ ತಲೆಯಷ್ಟು ತಿಳಿಹಳದಿ ಮೊಟ್ಟೆ ಹುಡುಕಬೇಕು. ಮರಿ ಮೊದಲ ಹಂತಗಳಲ್ಲಿ ಹಕ್ಕಿ ಹಿಕ್ಕೆಯಂತಿದ್ದು ಕೊನೆಯ ಹಂತದಲ್ಲಿ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಅಂಗ ಚಾಚಿ ಘಾಟು ಬಿಡುತ್ತದೆ. ಕೊಂಬೆ ಸಮೇತ ತಂದು ಬಲೆಬಟ್ಟೆಯ ಡಬ್ಬದಲ್ಲಿಡಿ, ಕೊಂಬೆ ಇಟ್ಟ ನೀರಿನ ಬಾಟಲಿಯ ಬಾಯಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಮರಿ ಇಳಿದು ಮುಳುಗುತ್ತದೆ.

ಕೋಠಿಯ ಕಣ್ಣು ಇಲ್ಲಿಯೂ ಕೆಲಸ ಮಾಡುತ್ತದೆ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ, ಮರಿ ಒಳಹೊಕ್ಕ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಕಾಡು ಚಿಟ್ಟೆಯ ಹುಳುಗಳಿಗೂ ಅದೇ ಟ್ಯಾಕಿನಿಡ್ ಕುಟುಂಬದ ನೊಣಗಳ ಕಾಟವಿದೆ. ಹುಳುವಿನ ಪಕ್ಕೆಯಲ್ಲಿ ಕಪ್ಪು ಕಲೆ ಕಂಡರೆ ಬೇರೆ ಡಬ್ಬಕ್ಕೆ ಹಾಕಿ, ಎಸೆಯಬೇಡಿ. ಹೊರಬರುವ ನೊಣವೂ ಪಾಠವೇ. ಹುಳುಗಳನ್ನು ದೊಡ್ಡದಾದ ಮೇಲೆ ತರುವುದಕ್ಕಿಂತ ಮೊಟ್ಟೆಯಲ್ಲೇ ತಂದರೆ ಈ ನಷ್ಟ ಬಹಳ ಕಡಿಮೆ.

ಇನ್ನೊಂದು, ಗಿಡಗಳನ್ನು ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿಡುವ ಹರ್ಬೇರಿಯಂ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಫಾದರ್ ಸಿಸಿಲ್ ಸಲ್ಡಾನ ಪಾಠದ ಜೊತೆಗೇ ಹಾಸನ ಜಿಲ್ಲೆಯ ಸಸ್ಯಗಳ ಸಮೀಕ್ಷೆ ನಡೆಸಿದರು, ಅದರ ಗ್ರಂಥ 1976ರಲ್ಲಿ ಬಂತು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿ ಅವರ ಹೆಸರೂ ಕನ್ನಡದವರಿಗೆ ಹೊಸದಲ್ಲ. ನಾವು ಅಷ್ಟು ದೂರ ಹೋಗದಿದ್ದರೂ ಕಾಲೇಜಿನ ಸುತ್ತಲಿನ ಗಿಡಗಳ ಹಾಳೆಗಳನ್ನು ಖಂಡಿತ ಮಾಡಬಹುದು. ಹಾಳೆ 42 × 29 ಸೆಂಟಿಮೀಟರ್. ಹೂವೋ ಕಾಯೋ ಇರುವ ರೆಂಬೆಯನ್ನೇ ಆರಿಸಿ; ಉದ್ದವಾದರೆ ಡೊಂಕಾಗಿ ಮಡಚಿ, ಕತ್ತರಿಸಬೇಡಿ. ಒಂದು ಎಲೆಯನ್ನಾದರೂ ಮಗುಚಿಟ್ಟರೆ ಅಡಿಭಾಗದ ರೋಮ, ನರ ಕಾಣುತ್ತದೆ. ರೆಂಬೆಯನ್ನು ಒತ್ತಿಟ್ಟ ದಿನಪತ್ರಿಕೆಯನ್ನು ಮೊದಲ ನಾಲ್ಕು ದಿನ ದಿನಾ ಬದಲಿಸಬೇಕು. ಮಳೆಗಾಲದಲ್ಲಿ ಪತ್ರಿಕೆಯೇ ತೇವ ಹೀರಿ ಬೂಷ್ಟು ಹಿಡಿಸುತ್ತದೆ, ಇಸ್ತ್ರಿ ಮಾಡಿದ ಬಿಸಿ ಪತ್ರಿಕೆ ಬಳಸಿ. ದಪ್ಪ ರಸದ ಎಲೆಯನ್ನು ಒಂದು ಕ್ಷಣ ಕುದಿಯುವ ನೀರಿಗೆ ಅದ್ದಿ ತೆಗೆದರೆ ಕೋಶಗಳು ಸತ್ತು ಬೇಗ ಒಣಗುತ್ತದೆ, ಇಲ್ಲವಾದರೆ ಪ್ರೆಸ್ಸಿನಲ್ಲೇ ಚಿಗುರುತ್ತದೆ.

ಹುಳು ಹಿಡಿಯದಿರಲು ಹಿಂದೆ ಮರ್ಕ್ಯೂರಿಕ್ ಕ್ಲೋರೈಡ್ ಬಳಿಯುತ್ತಿದ್ದರು. ಮಕ್ಕಳು ಮುಟ್ಟುವ ಹಾಳೆಗೆ ಆ ವಿಷ ಬೇಡವೇ ಬೇಡ. ಒಣಗಿದ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಹೊರತೆಗೆದು ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚಬಾರದು, ಬಿಚ್ಚಿದರೆ ಹಾಳೆಯ ಮೇಲೆ ನೀರು ಕೂರುತ್ತದೆ. ಹೂವಿನ ಬಣ್ಣ ಒಣಗಿದಾಗ ಹೋಗುವುದರಿಂದ ಕಿತ್ತ ಜಾಗದಲ್ಲೇ ಬರೆದುಕೊಳ್ಳಿ. ಚೀಟಿಯಲ್ಲಿ ಹೆಸರು, ಕುಟುಂಬ, ಊರು, ಗಿಡದ ಎತ್ತರ, ದಿನಾಂಕ, ಸಂಗ್ರಹಿಸಿದವರ ಹೆಸರು, ಕ್ರಮಸಂಖ್ಯೆ ಇರಲಿ. ಅರಣ್ಯ ಇಲಾಖೆಯ ಜಾಗದಿಂದ ಕೀಳುವುದಾದರೆ ಅನುಮತಿ ಪತ್ರ ಮುಂಚೆಯೇ ಪಡೆಯಬೇಕು. ರಸ್ತೆ ಬದಿ, ಕೆರೆ ಏರಿ, ಕಾಲೇಜು ಆವರಣದ ಗಿಡಗಳಲ್ಲೇ ಒಂದು ತಂಡಕ್ಕೆ ಇಡೀ ವರ್ಷದ ಕೆಲಸವಿದೆ.